ನಮ್ಮ ಕೌಂಟಿಗೆ ಬರ್ತಿರೋ ಒಪಿಯಾಯ್ಡ್ ಸೆಟ್ಲ್‌ಮೆಂಟ್ ದುಡ್ಡು ಯಾರ ಕೈಲಿದೆ, ಲೆಕ್ಕ ಕೇಳೋರು ಯಾರು? (ನಾರ್ತ್ ಕ್ಯಾರೊಲೈನಾ)

ಕ್ಯಾರಿ ಕಾಫಿ
ಎಲ್ರಿಗೂ ನಮಸ್ಕಾರ. ನಾವಿರೋದು ವೇಕ್ ಕೌಂಟಿಲಿ. ಕೌಂಟಿ ಕಡೆಯಿಂದ ಒಂದು ಇಮೇಲ್ ಬಂದಿದೆ, ಒಪಿಯಾಯ್ಡ್ ಸೆಟ್ಲ್‌ಮೆಂಟ್ ಹಣದ ಬಗ್ಗೆ ಸಾರ್ವಜನಿಕ ಸಭೆ ಇದೆ, ಯಾರು ಬೇಕಾದ್ರೂ ಬರಬಹುದು ಅಂತ. ಚಟ ಹಿಡಿಸೋ ನೋವಿನ ಮಾತ್ರೆ, ಅಂದ್ರೆ ಒಪಿಯಾಯ್ಡ್, ಬೇಕಾಬಿಟ್ಟಿ ಹಂಚಿದ್ರು ಅಂತ ಔಷಧಿ ಕಂಪನಿಗಳ ಮೇಲೆ ಕೇಸ್ ಹಾಕಿದ್ರು, ಅವರು ದುಡ್ಡು ಕಟ್ಟಿದ್ರು ಅನ್ನೋವರೆಗೆ ಗೊತ್ತು. ಆಮೇಲೆ ಆ ದುಡ್ಡು ಎಲ್ಲಿಗೆ ಹೋಯ್ತು? ಸ್ಟೇಟ್ ಇಟ್ಕೊಳ್ತಾ, ಕೌಂಟಿಗೆ ಕೊಡ್ತಾ, ಯಾವುದಕ್ಕೆ ಖರ್ಚು ಮಾಡಬೇಕು ಅಂತ ರೂಲ್ಸ್ ಏನಾದ್ರೂ ಇದೆಯಾ? ಗೊತ್ತಿರೋರು ಸ್ವಲ್ಪ ಬಿಡಿಸಿ ಹೇಳಿ. ನಾನು ಮೀಟಿಂಗ್‌ಗೆ ಹೋಗೋಣ ಅಂತಿದ್ದೀನಿ, ಸುಮ್ನೆ ಹೋಗಿ ಕೂತು ತಲೆಯಾಡಿಸಿ ಬರೋಕೆ ಇಷ್ಟ ಇಲ್ಲ.

ಲೆಕ್ಕದ ಶೆಟ್ರು
ನಾನು ಪಕ್ಕದ ಒಂದು ಕೌಂಟಿಯ ಫೈನಾನ್ಸ್ ಆಫೀಸಲ್ಲಿ ಕೆಲಸ ಮಾಡುದು, ಈ ಫಂಡಿನ ಪೇಪರ್ ನನ್ನ ಟೇಬಲ್ ಮೇಲೇ ಹಾದು ಹೋಗ್ತದೆ. ಹಾಗಾಗಿ ಸ್ವಲ್ಪ ಉದ್ದ ಬರೀತೇನೆ, ಬೇಜಾರು ಮಾಡ್ಬೇಡಿ.

ಮೊದಲು ದುಡ್ಡು ಎಲ್ಲಿಂದ ಅಂತ. 2021ರಲ್ಲಿ ದೊಡ್ಡ ಒಪ್ಪಂದ ಆಯ್ತು, ಮೆಕೆಸನ್, ಕಾರ್ಡಿನಲ್, ಅಮೆರಿಸೋರ್ಸ್‌ಬರ್ಗನ್ ಅನ್ನುವ ಮೂರು ಹೋಲ್‌ಸೇಲ್ ಕಂಪನಿಗಳು 18 ವರ್ಷದಲ್ಲಿ 21 ಬಿಲಿಯನ್ ಡಾಲರ್ ತನಕ, ಜಾನ್ಸನ್ ಅಂಡ್ ಜಾನ್ಸನ್ 5 ಬಿಲಿಯನ್ ತನಕ. ಆಮೇಲೆ 2022ರ ಕೊನೆಗೆ ಸಿವಿಎಸ್, ವಾಲ್‌ಗ್ರೀನ್ಸ್, ವಾಲ್‌ಮಾರ್ಟ್, ಟೇವಾ, ಅಲರ್ಗನ್ ಎಲ್ಲ ಒಪ್ಪಿಕೊಂಡ್ರು. ಎಲ್ಲ ಸೇರಿಸಿದ್ರೆ ದೇಶಕ್ಕೆ 50 ಬಿಲಿಯನ್ ದಾಟ್ತದೆ, ನಾರ್ತ್ ಕ್ಯಾರೊಲೈನಾ ಪಾಲು ಸುಮಾರು 1.5 ಬಿಲಿಯನ್, ಅದೂ ಒಂದೇ ಸಲ ಅಲ್ಲ, 2038ರ ತನಕ ಕಂತು ಕಂತಾಗಿ. ಮಾತುಕತೆಯಲ್ಲಿ ಮುಂದೆ ನಿಂತವರಲ್ಲಿ ನಮ್ಮ ಆಗಿನ ಅಟಾರ್ನಿ ಜನರಲ್ (ಸ್ಟೇಟ್ ಸರ್ಕಾರದ ಮುಖ್ಯ ವಕೀಲ) ಜಾಶ್ ಸ್ಟೈನ್ ಒಬ್ರು, ಈಗ ಅವರೇ ಗವರ್ನರ್.

ಇನ್ನು ಹಂಚಿಕೆ. ನಮ್ಮ ಸ್ಟೇಟಲ್ಲಿ ಸರ್ಕಾರ ಮತ್ತು ಕೌಂಟಿಗಳು ಮೊದಲೇ ಕೂತು ಒಂದು ಒಪ್ಪಂದ ಬರ್ಕೊಂಡವು, ನಾವೆಲ್ಲ ಆಫೀಸಲ್ಲಿ ಎಂಒಎ ಅಂತೇವೆ. 15% ಸ್ಟೇಟಿಗೆ, 85% ಲೋಕಲ್ ಸರ್ಕಾರಗಳಿಗೆ. ಅಂದ್ರೆ 100 ಕೌಂಟಿ, ಜೊತೆಗೆ 17 ಸಿಟಿಗಳು. ಆ 85ರ ಒಳಗೇ ಒಂದು 5% ಇನ್ಸೆಂಟಿವ್ ಫಂಡ್ ಉಂಟು, ಕೌಂಟಿ ಒಳಗಿನ ದೊಡ್ಡ ಊರುಗಳೂ ಸಹಿ ಹಾಕಿದ್ರೆ ಆ ಕೌಂಟಿಗೆ ಅದರಲ್ಲಿ ಪಾಲು. ಯಾವ ಕೌಂಟಿಗೆ ಎಷ್ಟು ಅಂತ ಕಟ್ಟಿದ್ದು ಬರೀ ಜನಸಂಖ್ಯೆ ನೋಡಿ ಅಲ್ಲ. ಎಷ್ಟು ಜನ ಚಟಕ್ಕೆ ಬಿದ್ದಿದ್ದಾರೆ, ಎಷ್ಟು ಸಾವು, ಆ ಜಾಗಕ್ಕೆ ಎಷ್ಟು ಮಾತ್ರೆ ಸಪ್ಲೈ ಆಗಿತ್ತು, ಇದೆಲ್ಲ ಲೆಕ್ಕ. ಹಾಗಾಗಿ ಬೆಟ್ಟದ ಕಡೆಯ ಸಣ್ಣ ಕೌಂಟಿಗಳಿಗೆ ತಲೆ ಲೆಕ್ಕದಲ್ಲಿ ನಮಗಿಂತ ಜಾಸ್ತಿ ಬರ್ತದೆ. ಬರ್ಬೇಕು ಕೂಡ.

ಧಾರವಾಡ ಪೇಢಾ
ಶೆಟ್ರ, ಛೊಲೊ ಬರದೀರಿ. ಆದ್ರ ನನಗ ಒಂದು ಡೌಟ್ ಐತ್ರಿ. 1998ರಾಗ ತಂಬಾಕು ಕಂಪನಿಗಳೂ ಹಿಂಗ ರೊಕ್ಕ ಕೊಡ್ತೀವಂತ ಸಹಿ ಹಾಕಿದ್ವಲ್ಲ, 46 ರಾಜ್ಯ, ಮೊದಲ 25 ವರ್ಷಕ್ಕ 206 ಬಿಲಿಯನ್. ಆ ರೊಕ್ಕ ಎಲ್ಲಿ ಹೋತು? ರಸ್ತೆ ಮಾಡಿದ್ರು, ಬಜೆಟ್ ತೂತು ಮುಚ್ಚಿದ್ರು, ಸಿಗರೇಟ್ ಬಿಡಸೋ ಕೆಲಸಕ್ಕ ಸಿಕ್ಕಿದ್ದು ಚೂರುಪಾರು. ನಮ್ಮ ನಾರ್ತ್ ಕ್ಯಾರೊಲೈನಾದಾಗಂತೂ ತಂಬಾಕು ಬೆಳೆಯೋ ಮಂದಿಗೇ ಒಂದು ಪಾಲು ಹೋತು. ಇದೂ ಹಂಗ ಆಗೂದಿಲ್ಲ ಅಂತ ಏನ್ ಗ್ಯಾರಂಟಿ?

ಲೆಕ್ಕದ ಶೆಟ್ರು
ನೀವು ಹೇಳಿದ್ದು ಸರಿಯೇ, ಆ ತಂಬಾಕು ಒಪ್ಪಂದದಲ್ಲಿ ಇಂಥದ್ದಕ್ಕೇ ಖರ್ಚು ಮಾಡ್ಬೇಕು ಅಂತ ಕಟ್ಟುಪಾಡೇ ಇರ್ಲಿಲ್ಲ. ಅದನ್ನು ನೋಡಿ ಬುದ್ಧಿ ಕಲಿತೇ ಈ ಸಲ ರಾಷ್ಟ್ರಮಟ್ಟದ ಒಪ್ಪಂದದಲ್ಲಿ ಕನಿಷ್ಠ 85% ದುಡ್ಡು ಒಪಿಯಾಯ್ಡ್ ಹಾವಳಿ ಸರಿಪಡಿಸುದಕ್ಕೇ ಹೋಗ್ಬೇಕು ಅಂತ ಬರೆದ್ರು, ಏನೇನು ಮಾಡಬಹುದು ಅಂತ ಒಂದು ಉದ್ದ ಪಟ್ಟಿಯನ್ನೂ ಹಚ್ಚಿದ್ರು. ಆದ್ರೆ ಅಲ್ಲೇ ಒಂದು ತಮಾಷೆ ನೋಡಿ. ಸರಿಯಾದ ಕೆಲಸಕ್ಕೆ ಖರ್ಚು ಮಾಡಿದ್ದರ ವರದಿ ಕೊಡ್ಬೇಕು ಅಂತ ಆ ಒಪ್ಪಂದದಲ್ಲಿ ಇಲ್ಲ! ಬೇರೆ ಕೆಲಸಕ್ಕೆ ಬಳಸಿದ್ದನ್ನು ಮಾತ್ರ ತಿಳಿಸಿದ್ರೆ ಸಾಕು. ಅಂದ್ರೆ ಉಳಿದದ್ದೆಲ್ಲ ಆಯಾ ಸ್ಟೇಟ್ ಏನು ರೂಲ್ ಮಾಡ್ತದೋ ಅದು. ಹಾಗಾಗಿ 50 ಸ್ಟೇಟ್, 50 ಥರ.

ನಮ್ಮಲ್ಲಿ ರೂಲು ಸ್ವಲ್ಪ ಬಿಗಿ ಅಂತಲೇ ನಾನು ಹೇಳುದು. ಬಂದ ದುಡ್ಡನ್ನು ಕೌಂಟಿಯ ಮಾಮೂಲಿ ಖರ್ಚಿನ ಜನರಲ್ ಫಂಡಿಗೆ ಬೆರೆಸುವ ಹಾಗಿಲ್ಲ, ಪ್ರತ್ಯೇಕ ಖಾತೆ, ಬಡ್ಡಿ ಬಂದ್ರೂ ಅದೇ ಕೆಲಸಕ್ಕೆ. ಒಂದು ಡಾಲರ್ ತೆಗಿಬೇಕಾದ್ರೂ ಕೌಂಟಿ ಕಮಿಷನರ್‌ಗಳು (ನಾವು ಓಟು ಹಾಕಿ ಆರಿಸಿದವರು) ರೆಸಲ್ಯೂಶನ್, ಅಂದ್ರೆ ನಿರ್ಣಯ, ಪಾಸ್ ಮಾಡ್ಬೇಕು, ಅದರಲ್ಲಿ ಯಾವ ಕೆಲಸ, ಪಟ್ಟಿಯಲ್ಲಿ ಎಷ್ಟನೇ ನಂಬರ್, ಎಷ್ಟು ದುಡ್ಡು, ಎಲ್ಲಿಂದ ಎಲ್ಲಿ ತನಕದ ಅವಧಿ ಅಂತ ಬರೀಬೇಕು. ಸುಮ್ಮನೆ "ಜನರ ಆರೋಗ್ಯಕ್ಕಾಗಿ" ಅಂತ ಬರೆದ್ರೆ ನಡಿಯುದಿಲ್ಲ.

ಕೌಂಟಿಗೆ ಎರಡು ದಾರಿ. ಆಪ್ಷನ್ ಎ ಅಂದ್ರೆ 12 ಕೆಲಸಗಳ ಗಿಡ್ಡ ಪಟ್ಟಿ: ಚಿಕಿತ್ಸೆ, ರಿಕವರಿ ಸಪೋರ್ಟ್ (ಚಟ ಬಿಡುವವರಿಗೆ ಆಸರೆ), ವಸತಿ, ಉದ್ಯೋಗ, ಓವರ್‌ಡೋಸ್ ಆದವರನ್ನು ಬದುಕಿಸುವ ನಲಾಕ್ಸೋನ್ ಔಷಧಿ ಹಂಚುದು, ಓವರ್‌ಡೋಸ್ ಆದವರ ಮನೆಗೆ ಆಮೇಲೆ ಹೋಗುವ ತಂಡ, ಬಳಸಿದ ಸೂಜಿ ತಗೊಂಡು ಹೊಸತು ಕೊಡುವ ಸೇವೆ, ಜೈಲಿನೊಳಗೆ ಚಿಕಿತ್ಸೆ, ಜೈಲಿಂದ ಬಿಡುಗಡೆ ಆದ ಮೇಲೆ ಸಹಾಯ, ಹೀಗೆ. ಇದಕ್ಕೆ ದೊಡ್ಡ ಪ್ಲಾನ್ ಏನೂ ಬೇಡ, ನೇರ ಶುರು ಮಾಡಬಹುದು. ಆಪ್ಷನ್ ಬಿ ಅಂದ್ರೆ ಪಟ್ಟಿ ಉದ್ದ, ಆದ್ರೆ ಮೊದಲು ಊರವರನ್ನೆಲ್ಲ ಸೇರಿಸಿ ಪ್ಲಾನಿಂಗ್ ಮಾಡಿ, ರಿಪೋರ್ಟ್ ಬರೆದು, ಕಮಿಷನರ್‌ಗಳ ಮುಂದೆ ಇಟ್ಟು ಆಮೇಲೆ. ಸುಮಾರು ಕೌಂಟಿಗಳು ಎ ಹಿಡಿಯುದು ಯಾಕೆ ಅಂತ ನಿಮಗೇ ಗೊತ್ತಾಯ್ತಲ್ಲ.

ಕೊಲಂಬಸ್ ಗೌಡ
ನಾನು ಓಹಾಯೋದಿಂದ ಬರೀತಿರೋದು. ನಿಮ್ಮ ಕಡೆ ಪರವಾಗಿಲ್ಲ ಗುರು, ನಮ್ಮ ಕಥೆ ಕೇಳಿ. ಇಲ್ಲಿ 55% ದುಡ್ಡು ಹೋಗೋದು ಒನ್‌ಒಹಾಯೋ ರಿಕವರಿ ಫೌಂಡೇಶನ್ ಅನ್ನೋ ಒಂದು ಖಾಸಗಿ ನಾನ್‌ಪ್ರಾಫಿಟ್‌ಗೆ, 30% ಲೋಕಲ್, 15% ಸ್ಟೇಟ್. ಫೌಂಡೇಶನ್ ಯಾಕಪ್ಪ ಅಂದ್ರೆ ಶಾಸಕರ ಕೈಗೆ ಸಿಗಬಾರದು, ತಂಬಾಕು ದುಡ್ಡಿನ ಥರ ಆಗಬಾರದು ಅಂತ. ಐಡಿಯಾ ಚೆನ್ನಾಗೇ ಇದೆ. ಆದ್ರೆ ಶುರುವಲ್ಲೇ ಅವರು "ನಾವು ಸರ್ಕಾರಿ ಸಂಸ್ಥೆ ಅಲ್ಲ, ನಿಮಗೆ ದಾಖಲೆ ತೋರಿಸಬೇಕಾಗಿಲ್ಲ" ಅಂದ್ರು. ಹಾರ್ಮ್ ರಿಡಕ್ಷನ್ ಒಹಾಯೋ ಅನ್ನೋ ಗುಂಪು ಕೋರ್ಟ್‌ಗೆ ಹೋಯ್ತು, 2023ರಲ್ಲಿ ನಮ್ಮ ಸ್ಟೇಟ್ ಸುಪ್ರೀಂ ಕೋರ್ಟ್ ಹೇಳ್ತು, ನೀವು ಮಾಡ್ತಿರೋದು ಸರ್ಕಾರದ ಕೆಲಸ, ದಾಖಲೆ ತೋರಿಸಿ ಅಂತ. ಖುಷಿ ಪಟ್ವಿ. ಅದೇ ವರ್ಷ ಸ್ಟೇಟ್ ಬಜೆಟ್ ಬಿಲ್ ಒಳಗೆ ಒಂದು ಕಲಂ ತೂರಿಸಿ ಆ ಫೌಂಡೇಶನ್ನನ್ನ ಪಬ್ಲಿಕ್ ರೆಕಾರ್ಡ್ಸ್ ಕಾನೂನಿನಿಂದ ಹೊರಗಿಟ್ರು. ಕೋರ್ಟಲ್ಲಿ ಗೆದ್ದಿದ್ದು ಬಜೆಟ್ಟಲ್ಲಿ ಹೋಯ್ತು, ಮುಗೀತು ಕಥೆ.

ಎಡಿಸನ್ ರಾಯರು
ನ್ಯೂಜೆರ್ಸಿದೂ ಸೇರಿಸ್ಕೊಳಿ. 2025 ಜೂನ್‌ನಲ್ಲಿ ಸ್ಟೇಟ್ ಬಜೆಟ್ ಮಾಡೋವಾಗ ಸೆಟ್ಲ್‌ಮೆಂಟ್ ಫಂಡಿಂದ 45 ಮಿಲಿಯನ್ ತೆಗೆದು ದೊಡ್ಡ ದೊಡ್ಡ ಆಸ್ಪತ್ರೆ ಗುಂಪುಗಳಿಗೆ ಕೊಟ್ರು. ಫಂಡ್ ಹೇಗೆ ಬಳಸಬೇಕು ಅಂತ ಹೇಳೋಕೆ ಒಂದು ಸಲಹಾ ಸಮಿತಿ ಇತ್ತು, ಕೇಸ್ ನಡೆಸಿದ ಅಟಾರ್ನಿ ಜನರಲ್ಲೇ ಬಹಿರಂಗವಾಗಿ ವಿರೋಧ ಮಾಡಿದ್ರು, ಆದ್ರೂ ಆಯ್ತು. ಸಲಹಾ ಸಮಿತಿ ಅಂದ್ರೆ ಸಲಹೆ ಅಷ್ಟೇ. ಯಾವ ಸ್ಟೇಟ್ ಆದ್ರೂ ಮೊದಲು ನೋಡಬೇಕಾದ್ದು ಇದು, ಸಮಿತಿಗೆ ಬೇಡ ಅನ್ನೋ ಅಧಿಕಾರ ಇದೆಯಾ ಇಲ್ವಾ.

ಧಾರವಾಡ ಪೇಢಾ
ನೋಡ್ರಿ, ನಾ ಹೇಳ್ಲಿಲ್ಲೇನು! ಟೆನೆಸಿದಾಗ ಗ್ರೀನ್ ಕೌಂಟಿ ಅಂತ ಐತಿ, ಬಂದ ರೊಕ್ಕದಾಗ 24 ಲಕ್ಷ ಡಾಲರ್ ಕೌಂಟಿ ಸಾಲ ತೀರಸಾಕ ಹಾಕಿದ್ರಂತ 2023ರಾಗ ಕೆಎಫ್ಎಫ್ ಹೆಲ್ತ್ ನ್ಯೂಸ್‌ನಾಗ ಬಂದಿತ್ತು. ಅದೂ ಕಾನೂನು ಪ್ರಕಾರನ, ಯಾಕಂದ್ರ ಅವರಿಗೆ ಸಿಕ್ಕ ಒಂದು ಪಾಲಿಗೆ ಯಾವ ಷರತ್ತೂ ಇರಲಿಲ್ಲ.

ಫಾರ್ಮಸಿ ಅಕ್ಕ
ನಾನು ಫಾರ್ಮಸಿಸ್ಟ್, ಷಾರ್ಲಟ್ ಹತ್ರ. ದುಡ್ಡಿನ ಜಗಳ ಇರಲಿ, ಅದು ಯಾವುದಕ್ಕೆ ಹೋದ್ರೆ ಉಪಯೋಗ ಅನ್ನೋದು ಮಾತಾಡೋಣ. ನಲಾಕ್ಸೋನ್ ಸ್ಪ್ರೇ 2023ರಿಂದ ಚೀಟಿ ಇಲ್ಲದೆ ಸಿಗುತ್ತೆ, ಆದ್ರೆ ಎರಡು ಡೋಸ್ ಡಬ್ಬಕ್ಕೆ 45 ಡಾಲರ್ ಆಸುಪಾಸು ಅಂತ ಶುರುವಾಯ್ತು. ಬೀದೀಲಿರೋ ಮನುಷ್ಯ ಅಷ್ಟು ಕೊಟ್ಟು ತಗೋತಾನಾ? ಅವನ ಗೆಳೆಯ ತಗೋತಾನಾ? ಅದಕ್ಕೇ ಕೌಂಟಿ ಕೊಂಡು ಪುಕ್ಕಟೆ ಹಂಚಿದ್ರೆ ಈ ದುಡ್ಡು ನೇರವಾಗಿ ಪ್ರಾಣ ಉಳಿಸುತ್ತೆ, ಇದರ ಬಗ್ಗೆ ನನಗೆ ಎರಡು ಮಾತಿಲ್ಲ. ಚಟದ ಚಿಕಿತ್ಸೆಗೆ ಬುಪ್ರನಾರ್ಫಿನ್, ಮೆಥಡೋನ್ ಅನ್ನೋ ಔಷಧಿ ಕೊಡೋ ಕ್ಲಿನಿಕ್‌ಗಳೂ ಹಾಗೇ. "ಒಂದು ಚಟ ಬಿಡಿಸೋಕೆ ಇನ್ನೊಂದು ಡ್ರಗ್ ಕೊಡ್ತಾರೆ" ಅಂತ ನಮ್ಮ ಜನಾನೇ ಮೂಗು ಮುರೀತಾರೆ, ಡಯಾಬಿಟಿಸ್‌ಗೆ ಇನ್ಸುಲಿನ್ ತಗೊಂಡ್ರೆ ಯಾರೂ ಏನೂ ಅನ್ನಲ್ಲ.

ಇನ್ನೊಂದು. ನಮ್ಮ ಸ್ಟೇಟ್‌ಲ್ಲಿ 2023 ಡಿಸೆಂಬರ್ 1ರಿಂದ ಮೆಡಿಕೇಡ್ (ಕಡಿಮೆ ಆದಾಯದವರಿಗೆ ಸರ್ಕಾರದ ಇನ್ಶೂರೆನ್ಸ್) ವಿಸ್ತರಣೆ ಆಗಿದೆ, 6 ಲಕ್ಷಕ್ಕೂ ಹೆಚ್ಚು ಜನ ಹೊಸದಾಗಿ ಸೇರಿದ್ರು. ಹಾಗಾಗಿ ಮೆಡಿಕೇಡ್ ಕೊಡೋ ಚಿಕಿತ್ಸೆಗೇ ಮತ್ತೆ ಈ ದುಡ್ಡು ಸುರಿಯೋದು ದಡ್ಡತನ. ಇನ್ಶೂರೆನ್ಸ್ ಕೊಡದೇ ಇರೋದಕ್ಕೆ ಹಾಕಬೇಕು. ಆಸ್ಪತ್ರೆಗೆ ಹೋಗೋಕೆ ಗಾಡಿ, ಇರೋಕೆ ಮನೆ, ಜೊತೆಗೆ ನಿಲ್ಲೋಕೆ ತಾನೂ ಅದೇ ದಾರೀಲಿ ಬಂದಿರೋ ಒಬ್ಬ ಮನುಷ್ಯ.

ಟ್ರಯಾಂಗಲ್ ಟೆಕ್ಕಿ
ನನ್ನದೊಂದು ಬೇರೆ ಅಭಿಪ್ರಾಯ, ಬೈಬೇಡಿ. ನಾವು ಇಷ್ಟು ಪ್ರಾಪರ್ಟಿ ಟ್ಯಾಕ್ಸ್ ಕಟ್ತೀವಿ, ಸ್ಕೂಲ್ ಕ್ಲಾಸ್‌ರೂಂ ಸಾಲ್ತಿಲ್ಲ, ಅದು ಬಿಟ್ಟು ಡ್ರಗ್ಸ್ ತಗೊಂಡು ಜೈಲಿಗೆ ಹೋದೋರಿಗೆ ಚಿಕಿತ್ಸೆ ಅಂತ ಕೋಟಿಗಟ್ಟಲೆ ಯಾಕೆ? ಪೊಲೀಸರಿಗೆ ಕೊಟ್ರೆ ಫೆಂಟನಿಲ್ ಅನ್ನೋ ಭಾರಿ ಜೋರಿನ ಒಪಿಯಾಯ್ಡ್ ಮಾರೋರನ್ನಾದ್ರೂ ಹಿಡೀತಾರೆ.

ಲೆಕ್ಕದ ಶೆಟ್ರು
ಟೆಕ್ಕಿಯವ್ರೆ, ಇದರಲ್ಲಿ ನಿಮ್ಮ ಟ್ಯಾಕ್ಸಿನ ಒಂದು ಪೈಸೆಯೂ ಇಲ್ಲ ಮಾರಾಯ್ರೆ. ಕಂಪನಿಗಳು ಕೊಟ್ಟ ದುಡ್ಡು, ಸ್ಕೂಲ್ ಕಟ್ಟಡಕ್ಕೆ ತೆಗೆದ್ರೆ ಅದೇ ತಪ್ಪು ಖರ್ಚಾಗ್ತದೆ. ಪೊಲೀಸ್ ಗಾಡಿ, ಜೈಲಿಗೆ ಬಾಡಿ ಸ್ಕ್ಯಾನರ್, ಇದನ್ನೆಲ್ಲ ಬೇರೆ ಸ್ಟೇಟ್‌ಗಳಲ್ಲಿ ಕೊಂಡಿದ್ದಾರೆ, ದೊಡ್ಡ ಗಲಾಟೆಯೂ ಆಗಿದೆ. ನಮ್ಮ ಆಪ್ಷನ್ ಎ ಪಟ್ಟಿಯಲ್ಲಿ ಗಾಡಿ ಕೊಳ್ಳುವ ಬಾಬ್ತು ಇಲ್ಲ.

ಫಾರ್ಮಸಿ ಅಕ್ಕ
ಜೈಲಿನ ವಿಷಯಕ್ಕೆ ನಾನು ಹೇಳ್ತೀನಿ. ಇದೇ ನಾರ್ತ್ ಕ್ಯಾರೊಲೈನಾದಲ್ಲಿ 2000ದಿಂದ 2015ರವರೆಗೆ ಜೈಲಿಂದ ಬಿಡುಗಡೆ ಆದೋರ ದಾಖಲೆ ತೆಗೆದು ಯುಎನ್‌ಸಿ (ಇಲ್ಲಿನ ಸ್ಟೇಟ್ ಯೂನಿವರ್ಸಿಟಿ) ಸಂಶೋಧಕರು ನೋಡಿದ್ರು, 2018ರಲ್ಲಿ ಪ್ರಕಟ ಆಯ್ತು. ಹೊರಗೆ ಬಂದ ಮೊದಲ ಎರಡು ವಾರದಲ್ಲಿ ಒಪಿಯಾಯ್ಡ್ ಓವರ್‌ಡೋಸ್‌ನಿಂದ ಸಾಯೋ ಸಾಧ್ಯತೆ ಬೇರೆಯವರಿಗಿಂತ 40 ಪಟ್ಟು! ಯಾಕಂದ್ರೆ ಒಳಗಿರೋವಾಗ ದೇಹಕ್ಕೆ ಅಭ್ಯಾಸ ತಪ್ಪಿರುತ್ತೆ, ಹೊರಗೆ ಬಂದು ಹಳೇ ಡೋಸ್ ತಗೋತಾರೆ, ಈಗ ಅದರಲ್ಲಿ ಫೆಂಟನಿಲ್ ಬೇರೆ. ಒಳಗೇ ಔಷಧಿ ಶುರು ಮಾಡಿ, ಹೊರಗೆ ಬರೋ ದಿನ ಕ್ಲಿನಿಕ್ ಅಪಾಯಿಂಟ್‌ಮೆಂಟ್ ಕೈಗೆ ಕೊಟ್ಟು ಕಳಿಸಿದ್ರೆ ಉಳೀತಾರೆ. 2022ರಲ್ಲಿ ನಮ್ಮ ಸ್ಟೇಟ್‌ಲ್ಲಿ ಓವರ್‌ಡೋಸ್‌ಗೆ ಸತ್ತೋರು 4 ಸಾವಿರಕ್ಕೂ ಮೇಲೆ. 2024ರಲ್ಲಿ ದೇಶದಲ್ಲೆಲ್ಲ ಕಾಲುಭಾಗಕ್ಕಿಂತ ಜಾಸ್ತಿ ಕಡಿಮೆ ಆಯ್ತು ಅಂತ ಸಿಡಿಸಿ ಅನ್ನೋ ಕೇಂದ್ರ ಆರೋಗ್ಯ ಸಂಸ್ಥೆ ಲೆಕ್ಕ, ಒಳ್ಳೇದೇ. ಹಾಗಂತ ನಲಾಕ್ಸೋನ್ ಕೊಳ್ಳೋದು ನಿಲ್ಲಿಸಿದ್ರೆ ಮತ್ತೆ ಏರುತ್ತೆ.

ಹೆಸರು ಬೇಡ
ಸುಮಾರು ಹೊತ್ತಿಂದ ಓದ್ತಾ ಇದ್ದೆ, ಬರೀಲೋ ಬೇಡ್ವೋ ಅಂತ. ನಮ್ಮ ಮನೇಲೇ ಇದೆ. ಮಗನಿಗೆ ರಿಹ್ಯಾಬ್‌ಗೆ ಇನ್ಶೂರೆನ್ಸ್ ಕೊಡ್ತು, ಅದು ಮುಗಿದ ಮೇಲೆ ಏನು ಅನ್ನೋದು ಯಾರೂ ಹೇಳಲಿಲ್ಲ. ಮನೆಗೇ ಬಂದ್ರೆ ಹಳೇ ಸ್ನೇಹಿತರು, ಹಳೇ ಜಾಗ. ರಿಕವರಿ ಹೌಸ್‌ಗೆ (ಚಟ ಬಿಟ್ಟೋರು ಒಟ್ಟಿಗಿರೋ ಮನೆ) ಇನ್ಶೂರೆನ್ಸ್ ಕೊಡಲ್ಲ, ಬಾಡಿಗೆ ಪೂರ್ತಿ ನಾವೇ ಕಟ್ಟಿದ್ವಿ. ನಮಗೆ ಶಕ್ತಿ ಇತ್ತು ಕಟ್ಟಿದ್ವಿ, ಅಲ್ಲಿದ್ದ ಬೇರೆ ಹುಡುಗರಲ್ಲಿ ಎಷ್ಟೋ ಜನ ದುಡ್ಡಿಲ್ಲ ಅಂತ ಬಿಟ್ಟು ಹೋದ್ರು. ಶೆಟ್ರು ಹೇಳಿದ ಹಾಗೆ ಆ ಪಟ್ಟೀಲಿ ವಸತಿ ಇದೆ ಅಂತ ನನಗೆ ಇವತ್ತೇ ಗೊತ್ತಾಗಿದ್ದು. ದೇವಸ್ಥಾನದಲ್ಲಿ ಯಾರಾದ್ರೂ ಕೇಳಿದ್ರೆ ಈಗಲೂ "ಅವನು ಬೇರೆ ಸ್ಟೇಟ್‌ಲ್ಲಿ ಓದ್ತಿದಾನೆ" ಅಂತೀವಿ. ಇಷ್ಟೇ.

ಕ್ಯಾರಿ ಕಾಫಿ
ಬರೆದಿದ್ದಕ್ಕೆ ಥ್ಯಾಂಕ್ಸ್, ದೊಡ್ಡ ಮನಸ್ಸು ನಿಮ್ಮದು. ವಸತಿಗೆ ಎಷ್ಟು ಇಟ್ಟಿದ್ದಾರೆ ಅಂತ ಮೀಟಿಂಗಲ್ಲಿ ಮೊದಲು ಅದನ್ನೇ ಕೇಳ್ತೀನಿ.

ಶೆಟ್ರೇ, ಲೆಕ್ಕ ನೋಡೋಕೆ ಎಲ್ಲಿ ಸಿಗುತ್ತೆ? ಮತ್ತೆ ಪರ್ಡ್ಯೂ ದುಡ್ಡು, ಆಕ್ಸಿಕಾಂಟಿನ್ ಮಾಡಿದೋರು, ಅದೂ ಇದರಲ್ಲೇ ಸೇರಿದೆಯಾ?

ಲೆಕ್ಕದ ಶೆಟ್ರು
ಪರ್ಡ್ಯೂ ಬೇರೆ. ಅದು ದಿವಾಳಿ ಕೋರ್ಟಿನ ಕಥೆ, ಅದರ ಮಾಲೀಕರಾದ ಸ್ಯಾಕ್ಲರ್ ಕುಟುಂಬ ದುಡ್ಡು ಕೊಟ್ಟು ಮುಂದೆ ನಮ್ಮ ಮೇಲೆ ಯಾರೂ ಕೇಸ್ ಹಾಕಬಾರದು ಅಂತ ಕೇಳಿತ್ತು. 2024 ಜೂನ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 5-4ರಲ್ಲಿ ಆಗುದಿಲ್ಲ ಅಂದಿತು. ಮತ್ತೆ ಕೂತು 7.4 ಬಿಲಿಯನ್‌ನ ಹೊಸ ಒಪ್ಪಂದ ಮಾಡಿದ್ರು, 2025 ನವೆಂಬರ್‌ನಲ್ಲಿ ದಿವಾಳಿ ನ್ಯಾಯಾಧೀಶರು ಒಪ್ಪಿದ್ರು. ನಮ್ಮ ಸ್ಟೇಟಿಗೆ 15 ವರ್ಷದಲ್ಲಿ 150 ಮಿಲಿಯನ್ ತನಕ ಬರಬಹುದು ಅಂತ.

ಲೆಕ್ಕಕ್ಕೆ ಕೋರ್-ಎನ್‌ಸಿ ಅಂತ ವೆಬ್‌ಸೈಟ್ ಉಂಟು. ನಿಮ್ಮ ಕೌಂಟಿ ಆರಿಸಿ, 2038ರ ತನಕ ಯಾವ ವರ್ಷ ಎಷ್ಟು ಬರ್ತದೆ, ಕಮಿಷನರ್‌ಗಳು ಯಾವುದಕ್ಕೆ ಎಷ್ಟು ಮಂಜೂರು ಮಾಡಿದ್ದಾರೆ, ವರ್ಷದ ವರದಿ, ಎಲ್ಲ ಸಿಗ್ತದೆ. ಜೂನ್ 30ಕ್ಕೆ ನಮ್ಮ ಹಣಕಾಸು ವರ್ಷ ಮುಗಿತದೆ, ಅದಾಗಿ 90 ದಿನದೊಳಗೆ ಪ್ರತಿ ಕೌಂಟಿ ಎರಡು ವರದಿ ಹಾಕ್ಬೇಕು, ಒಂದು ದುಡ್ಡಿನದ್ದು, ಇನ್ನೊಂದು ಪರಿಣಾಮದ್ದು, ಅಂದ್ರೆ ಎಷ್ಟು ಜನರಿಗೆ ಉಪಯೋಗ ಆಯ್ತು ಅಂತ. ದುಡ್ಡಿನ ವರದಿ ಬರ್ತದೆ. ಪರಿಣಾಮದ ವರದಿ ಓದಿ ನೋಡಿ, ಕೆಲವು ಕಡೆ "ಕಾರ್ಯಕ್ರಮ ಚೆನ್ನಾಗಿ ನಡೀತಾ ಇದೆ" ಅನ್ನುವಂಥ ಸಾಲು ಬಿಟ್ರೆ ತಿರುಳಿಲ್ಲ.

ಧಾರವಾಡ ಪೇಢಾ
ತಪ್ಪು ಖರ್ಚು ಮಾಡಿದ್ರ ಹಿಡಿಯಾಂವ ಯಾರು? ಅದನ್ನ ಹೇಳ್ರಿ ಮೊದಲ.

ಲೆಕ್ಕದ ಶೆಟ್ರು
ವಾರ್ಷಿಕ ಆಡಿಟ್‌ನಲ್ಲಿ ಬರ್ತದೆ. ಪಟ್ಟಿಯಲ್ಲಿ ಇಲ್ಲದ್ದಕ್ಕೆ ಖರ್ಚಾಗಿದ್ರೆ ಕೌಂಟಿ ಆ ದುಡ್ಡು ತಿರುಗಿ ತುಂಬಿಸ್ಬೇಕು, ಇಲ್ಲದಿದ್ರೆ ಮುಂದಿನ ಕಂತಿಗೆ ಕತ್ತರಿ, ಅಟಾರ್ನಿ ಜನರಲ್ ಕೋರ್ಟಿಗೂ ಹೋಗಬಹುದು. ಆದ್ರೆ ನಿಜ ಹೇಳ್ತೇನೆ, ಆಡಿಟರ್ ನೋಡುದು ರೆಸಲ್ಯೂಶನ್ ಉಂಟಾ, ನಂಬರ್ ಸರಿ ಉಂಟಾ ಅಂತ. ಆ ಕೆಲಸದಿಂದ ಒಬ್ಬನಾದ್ರೂ ಉಳಿದನಾ, ಇದಕ್ಕಿಂತ ಒಳ್ಳೆ ಕೆಲಸ ಇತ್ತಾ, ಅದು ಅವನ ಕೆಲಸ ಅಲ್ಲ. ಷೆರಿಫ್ ಆಫೀಸಲ್ಲಿ ಹಿಂದೆಯೇ ಇದ್ದ ಒಬ್ಬರ ಸಂಬಳವನ್ನು ಜನರಲ್ ಫಂಡಿಂದ ತೆಗೆದು ಇದಕ್ಕೆ ಹೊರಿಸಿದ್ರೆ ಪೇಪರಲ್ಲಿ ಎಲ್ಲ ಸರಿ ಕಾಣ್ತದೆ, ಹೊಸದಾಗಿ ಏನೂ ಆಗಿರುದಿಲ್ಲ. ಅದನ್ನು ಹಿಡಿಯುದು ಹಿಂದಿನ ವರ್ಷದ ಬಜೆಟ್ ಪುಸ್ತಕ ಪಕ್ಕದಲ್ಲಿ ಇಟ್ಟುಕೊಂಡು ಸಭೆಗೆ ಬರುವ ನಿಮ್ಮಂಥವರು ಮಾತ್ರ. ನಮ್ಮಲ್ಲಿ ಅಂಥವರು ಬಂದದ್ದು ನಾನು ನೋಡಿದ್ದು ಕಮ್ಮಿ. ಖಾಲಿ ಕುರ್ಚಿಗಳಿಗೆ ಪವರ್‌ಪಾಯಿಂಟ್ ತೋರಿಸಿದ್ದೂ ಉಂಟು.

ಕೊಲಂಬಸ್ ಗೌಡ
ಮತ್ತೆ ಸ್ಟೇಟ್ ಇಟ್ಕೊಂಡ 15%?

ಲೆಕ್ಕದ ಶೆಟ್ರು
ಅದು ರಾಲಿಯ ಜನರಲ್ ಅಸೆಂಬ್ಲಿ, ಅಂದ್ರೆ ಸ್ಟೇಟ್ ಶಾಸಕರ ಕೈಲಿ. ಅದಕ್ಕೆ ಈ ರೆಸಲ್ಯೂಶನ್, ಪಟ್ಟಿ ನಂಬರ್ ಇದೇನೂ ಇಲ್ಲ, ಬಜೆಟ್ ಬಿಲ್ಲಲ್ಲಿ ಸಂಸ್ಥೆಗಳ ಹೆಸರು ಹಾಕಿಯೇ ಇಂತಿಷ್ಟು ಅಂತ ಬರೀತಾರೆ. ಅದರಲ್ಲಿ ಒಳ್ಳೆ ಸಂಸ್ಥೆಗಳೂ ಉಂಟು, ಇವರಿಗೆ ಯಾಕೆ ಅಂತ ಅನ್ನಿಸುವಂಥವೂ ಉಂಟು. ಯಾರು ಅರ್ಜಿ ಹಾಕಿದ್ರು, ಯಾರನ್ನು ಬಿಟ್ರು ಅಂತ ಕೇಳುವ ಜಾಗವೇ ಇಲ್ಲ. ಕೌಂಟಿಗೆ ಹಾಕಿದ ಬೇಲಿಯನ್ನು ತಮ್ಮ ಪಾಲಿಗೂ ಹಾಕಿಕೊಂಡಿದ್ರೆ ನಾನು ಬಾಯಿ ಮುಚ್ಚಿ ಕೂರ್ತಿದ್ದೆ.

ಧಾರವಾಡ ಪೇಢಾ
ಈಗ ಬಂತು ನೋಡ್ರಿ ಶೆಟ್ರ ಬಾಯಾಗ ಖರೇ ಮಾತು 😄

ಟ್ರಯಾಂಗಲ್ ಟೆಕ್ಕಿ
ಓಕೆ, ಆ 40 ಪಟ್ಟು ವಿಷಯ ಗೊತ್ತಿರಲಿಲ್ಲ. ಪೊಲೀಸ್ ಬಗ್ಗೆ ನನ್ನ ಅಭಿಪ್ರಾಯ ಪೂರ್ತಿ ಬದಲಾಗಿಲ್ಲ, ಆದ್ರೆ ಆ ಕೋರ್-ಎನ್‌ಸಿ ವೆಬ್‌ಸೈಟ್ ನೋಡ್ತಾ ಕೂತಿದ್ದೀನಿ. ಒಂದು ಪ್ರಶ್ನೆ, ಬಂದಿರೋದಕ್ಕೂ ಖರ್ಚಾಗಿರೋದಕ್ಕೂ ಸುಮಾರು ಕೌಂಟಿಗಳಲ್ಲಿ ಭಾರಿ ಅಂತರ ಇದೆಯಲ್ಲ, ದುಡ್ಡು ಸುಮ್ನೆ ಕೂತಿದೆಯಾ?

ಲೆಕ್ಕದ ಶೆಟ್ರು
ಎರಡು ಕಾರಣ. ಮೊದಲನೆಯ ವರ್ಷಗಳಲ್ಲಿ ದೊಡ್ಡ ಕಂತು ಬಂತು, ಜಾನ್ಸನ್ ಕಂಪನಿ ಕೆಲವು ಕಂತು ಮುಂಚೆಯೇ ಕಟ್ಟಿತು, ವಾಲ್‌ಮಾರ್ಟಿನದ್ದೂ ಹೆಚ್ಚು ಭಾಗ ಬೇಗ ಬಂತು. ಮುಂದೆ ಕಂತು ಸಣ್ಣದಾಗ್ತದೆ. ಇವತ್ತು ಹತ್ತು ಜನರನ್ನು ಕೆಲಸಕ್ಕೆ ತಗೊಂಡು 2030ಕ್ಕೆ ಮನೆಗೆ ಕಳಿಸುದಕ್ಕಿಂತ ಸ್ವಲ್ಪ ಉಳಿಸಿಡುದು ಬುದ್ಧಿವಂತಿಕೆ. ಎರಡನೆಯದ್ದು, ಸಣ್ಣ ಕೌಂಟಿಗಳಲ್ಲಿ ದುಡ್ಡು ಕೊಟ್ರೂ ಕೆಲಸ ಮಾಡುವ ಸಂಸ್ಥೆ ಇಲ್ಲ, ಕೌನ್ಸಿಲರ್ ಸಿಗುದಿಲ್ಲ. ಇದು ಬಿಟ್ಟು ಮೂರನೇ ಕಾರಣ ಬರೀ ಸೋಮಾರಿತನ. ನಿಮ್ಮ ಕೌಂಟಿಯದ್ದು ಯಾವುದು ಅಂತ ತಿಳಿಬೇಕಾದ್ರೆ ಮುಂದಿನ ಐದು ವರ್ಷದ ಖರ್ಚಿನ ಪ್ಲಾನ್ ತೋರಿಸಿ ಅಂತ ಕೇಳಿ. ಪ್ಲಾನ್ ಇದ್ರೆ ಉಳಿತಾಯ, ಇಲ್ಲದಿದ್ರೆ ಸೋಮಾರಿತನ.

ಕ್ಯಾರಿ ಕಾಫಿ
ಸರಿ, ನನ್ನ ಚೀಟೀಲಿ ಈಗ ಮೂರಿದೆ. ವಸತಿಗೆ ಎಷ್ಟು, ಮೊದಲಿಂದ ಇದ್ದ ಸಂಬಳ ಯಾವುದನ್ನಾದ್ರೂ ಇದಕ್ಕೆ ಹಾಕಿದ್ದಾರಾ, ಐದು ವರ್ಷದ ಪ್ಲಾನ್ ಎಲ್ಲಿ. ಮೀಟಿಂಗಲ್ಲಿ ಮಾತಾಡೋಕೆ ಮುಂಚೆನೇ ಹೆಸರು ಕೊಡಬೇಕಾ?

ಲೆಕ್ಕದ ಶೆಟ್ರು
ಕಮಿಷನರ್‌ಗಳ ಮಾಮೂಲಿ ಸಭೆಗೆ ಸಾಮಾನ್ಯವಾಗಿ ಬೇಕು, ಕ್ಲರ್ಕ್ ಹತ್ತಿರ ಬರೆಸ್ಬೇಕು, ಕೆಲವೇ ನಿಮಿಷ ಕೊಡ್ತಾರೆ. ಇದು ವರ್ಷಕ್ಕೊಂದು ಸಲ ಮಾಡ್ಲೇಬೇಕಾದ ಒಪಿಯಾಯ್ಡ್ ಸಭೆ ಆದ್ರೆ ಊರಿನ ಮುನಿಸಿಪಾಲಿಟಿಯವರನ್ನೂ ಕರೆದಿರ್ತಾರೆ, ಪದ್ಧತಿ ಬೇರೆ ಇರಬಹುದು. ಇಮೇಲಲ್ಲಿ ಕ್ಲರ್ಕ್ ನಂಬರ್ ಇದ್ದೇ ಇರ್ತದೆ, ಒಂದು ಫೋನ್ ಹಾಕಿ. ಪ್ರಶ್ನೆ ಬರೆದೂ ಕೊಡಿ, ಬರೆದು ಕೊಟ್ಟದ್ದು ದಾಖಲೆಗೆ ಹೋಗ್ತದೆ.

ಹೆಸರು ಬೇಡ
ಕಾಫಿಯವರೇ, ಯಾವತ್ತು ಮೀಟಿಂಗ್? ಆದ್ರೆ ನಾನೂ ಬರ್ತೀನಿ, ಹಿಂದಿನ ಸಾಲಲ್ಲಿ ಕೂತ್ಕೋತೀನಿ.

ಕ್ಯಾರಿ ಕಾಫಿ
ದಿನಾಂಕ, ಜಾಗ ಎರಡೂ ಮೆಸೇಜ್ ಮಾಡಿದ್ದೀನಿ ನೋಡಿ. ನಾನು ಅರ್ಧ ಗಂಟೆ ಮುಂಚೆನೇ ಇರ್ತೀನಿ.